ಅಂಗಡಿ ಮುಂಭಾಗ ಬದಲಿಸಬೇಕು, ಯಾರ ಪರ್ಮಿಷನ್ ಬೇಕು?

ಕೇಳಿದ್ದು, ಮುಂಬಯಿಯ ಮುಲುಂಡ್‌ನಿಂದ:

ಇಲ್ಲಿನ ಒಂದು ಹಳೇ ಶಾಪಿಂಗ್ ಸೆಂಟರ್‌ನಲ್ಲಿ ನಮ್ಮ ಸೀರೆ ಅಂಗಡಿ ಇದೆ. ಅಪ್ಪ ಇಟ್ಟಿದ್ದು. ಈಗ ಮುಂದೆ ಪೂರ್ತಿ ಗಾಜು ಹಾಕಿ, ಮೇಲೆ ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಶೀಟ್ ಹೊಡೆಸಿ, ಲೈಟಿನ ಬೋರ್ಡ್ ಕೂರಿಸಬೇಕು ಅಂತ ಆಸೆ. ಇಂಟೀರಿಯರ್‌ನವರು ಪರ್ಮಿಷನ್ ಏನೂ ಬೇಡ, ರಾತ್ರೋರಾತ್ರಿ ಮುಗಿಸಿಕೊಡ್ತೀವಿ ಅಂತಾರೆ. ಅದನ್ನು ಕೇಳಿಯೇ ನನಗೆ ಹೆದರಿಕೆ. ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಚೆಂಬೂರ್‌ನಿಂದ:

ರಾತ್ರೋರಾತ್ರಿ ಅನ್ನುವವರನ್ನು ಮೊದಲು ಬಿಡಿ ಅಕ್ಕಾ. ಅದೇ ಮಾತು ನಂಬಿ ಕೆಟ್ಟವನು ನಾನು.

ನಮ್ಮದು ಎಂಟು ಟೇಬಲ್ಲಿನ ಹೋಟೆಲ್. ಶಟರ್ ಇದ್ದ ಜಾಗದಲ್ಲೇ ಗಾಜು ಹಾಕಿದ್ದರೆ ಯಾರೂ ಕೇಳುತ್ತಿರಲಿಲ್ಲವೋ ಏನೋ. ಆದರೆ ಕಾಂಟ್ರಾಕ್ಟರ್ ಕಂಬದ ಹೊರ ಅಂಚಿನವರೆಗೆ ತಂದು ನಿಲ್ಲಿಸಿದ. ಒಂದು ಟೇಬಲ್ ಜಾಸ್ತಿ ಹಿಡಿಯುತ್ತೆ ಅಂದ. ನನಗೂ ಆಸೆ, ಸುಳ್ಳು ಯಾಕೆ ಹೇಳಲಿ. ಪಕ್ಕದ ಸ್ಟೇಷನರಿ ಅಂಗಡಿಯವರಿಗೆ ರಸ್ತೆಯಿಂದ ಅವರ ಬೋರ್ಡೇ ಕಾಣದಂತಾಯಿತು. ಬೆಳಿಗ್ಗೆ ಕಟ್ಟಡದ ಸೊಸೈಟಿ ಸೆಕ್ರೆಟರಿ ಟೇಪ್ ಹಿಡಿದು ಬಂದರು. ಮಾತಿಲ್ಲ, ಕತೆಯಿಲ್ಲ. ಮಂಡಿಯೂರಿ ಕೂತು ಶಟರ್ ಹಳಿಯಿಂದ ಗಾಜಿನವರೆಗೆ ಅಳೆದರು. 17 ಇಂಚು. ಚೀಟಿಯಲ್ಲಿ ಬರೆದುಕೊಂಡು ಹೋದರು. ಮೂರನೇ ದಿನ ಅದೇ ಗಾಜಿನ ಮೇಲೆ ಪಾಲಿಕೆಯ 354ಎ ನೋಟಿಸ್. ಕೆಲಸ ನಿಲ್ಲಿಸಿ, ಪರವಾನಗಿ ಇದ್ದರೆ 24 ಗಂಟೆಯಲ್ಲಿ ತೋರಿಸಿ ಅಂತ. ಎಲ್ಲಿಂದ ತೋರಿಸಲಿ?

ಗಾಜು ಹಿಂದೆ ಸರಿಸೋಣ ಅಂದರೆ ಟಫನ್ಡ್ ಗಾಜು. ಒಮ್ಮೆ ಫ್ಯಾಕ್ಟರಿಯಲ್ಲಿ ಕಾಯಿಸಿ ಹದ ಮಾಡಿದ ಮೇಲೆ ಅದನ್ನು ಕತ್ತರಿಸಲು ಬರುವುದಿಲ್ಲ, ಪುಡಿಪುಡಿಯಾಗುತ್ತೆ. ಒಳಗಿನ ಅಳತೆಗೆ ಅದು ಎರಡೇ ಇಂಚು ಜಾಸ್ತಿ ಇತ್ತು. ಈಗಲೂ ಗೋಡೌನ್‌ನಲ್ಲಿ ಅಕ್ಕಿ ಮೂಟೆಗಳ ಹಿಂದೆ ಒರಗಿಕೊಂಡು ನಿಂತಿದೆ. ಗಣಪತಿ ಹಬ್ಬದ ವ್ಯಾಪಾರವೂ ಹೋಯಿತು.

ಎರಡನೇ ಸಲ ತಲೆ ನೆಟ್ಟಗಿತ್ತು. ಮೊದಲು ಸೊಸೈಟಿಯಿಂದ ಮಂಜೂರಾದ ಪ್ಲಾನ್‌ನ ಪ್ರತಿ ತೆಗೆಸಿದೆ. ಗಾಳಾ, ಅಂದರೆ ನಮ್ಮ ಅಂಗಡಿಯ ಜಾಗ, ಎಲ್ಲಿಗೆ ಮುಗಿಯುತ್ತೆ, ಪ್ಯಾಸೇಜ್ ಎಲ್ಲಿಂದ ಶುರು, ಎಲ್ಲ ಅದರಲ್ಲಿರುತ್ತೆ. ಗಾಳಾ ನಮ್ಮದಾದರೂ ಎಲಿವೇಷನ್, ಅಂದರೆ ಕಟ್ಟಡದ ಹೊರಮುಖ, ಸೊಸೈಟಿಯದ್ದು ಅಂತ ಆಗ ಗೊತ್ತಾಯಿತು. ಡ್ರಾಯಿಂಗ್ ಹಚ್ಚಿ ಎನ್‌ಒಸಿ ಕೇಳಿದೆ. ಪಕ್ಕದವರಿಗೂ ಚಹಾ ಕೊಟ್ಟು ತೋರಿಸಿದೆ. ಆಮೇಲೆ ಆರ್ಕಿಟೆಕ್ಟ್ ಮೂಲಕ ವಾರ್ಡ್ ಆಫೀಸಿಗೆ ಹೋದೆ. ಕೊನೆಗೆ ಅವರು ನೋಡಿದ್ದು ಎರಡೇ: ಗೆರೆ ದಾಟಿದ್ದೀರಾ, ಬೀಮು ಕಂಬ ಮುಟ್ಟಿದ್ದೀರಾ. ಬಣ್ಣ ಯಾವುದು ಅಂತ ಯಾರೂ ಕೇಳಲಿಲ್ಲ. ಅದಕ್ಕೇ ನಾನು ಒಂದು ವಾರ ತಲೆ ಕೆಡಿಸಿಕೊಂಡಿದ್ದೆ!

ದಾದರ್‌ನಿಂದ, ಆರ್ಕಿಟೆಕ್ಟ್ ಆಫೀಸಿನಲ್ಲಿ ಡ್ರಾಯಿಂಗ್ ಮಾಡುವವನು:

ಚೆಂಬೂರಿನವರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಪ್ಲಾಸ್ಟರ್, ಪೇಂಟ್, ಟೈಲ್ಸ್ ಬದಲಿಸುವುದು ಇವೆಲ್ಲ ಬರೀ ರಿಪೇರಿ, ಅದಕ್ಕೆ ಪರ್ಮಿಷನ್ ಬೇಡ. ಗೋಡೆ ಸರಿಸುವುದು, ಛಜ್ಜಾ ಉದ್ದ ಮಾಡುವುದು, ಓಟ್ಲಾ (ಮುಂದಿನ ಜಗಲಿ) ಮುಂದಕ್ಕೆ ತರುವುದು ರಿಪೇರಿ ಅಲ್ಲ.

ಬೋರ್ಡಿನ ಕತೆ ಬೇರೆ. 1888ರ ಮುಂಬಯಿ ಪಾಲಿಕೆ ಕಾಯ್ದೆಯ 328ಎ ಪ್ರಕಾರ, ನಿಮ್ಮದೇ ಅಂಗಡಿಯ ಹೆಸರಿನ, ಲೈಟಿಲ್ಲದ ಬೋರ್ಡಿಗೆ ಲೈಸೆನ್ಸ್ ಬೇಡ. ಲೈಟ್ ಹಾಕಿದಿರೋ, ಬೇಕು. ಇನ್ನು ಮರಾಠಿ. ಮಹಾರಾಷ್ಟ್ರದ ಅಂಗಡಿ ಕಾಯ್ದೆಯ 2022ರ ತಿದ್ದುಪಡಿಯಿಂದ ಚಿಕ್ಕ ಅಂಗಡಿಗೂ ದೇವನಾಗರಿಯಲ್ಲಿ ಮರಾಠಿ ಹೆಸರು ಕಡ್ಡಾಯ. ಸುಪ್ರೀಂ ಕೋರ್ಟ್ 2023ರಲ್ಲಿ ಎರಡು ತಿಂಗಳ ಗಡುವು ಕೊಟ್ಟಿತ್ತು, ನವೆಂಬರ್ 25ಕ್ಕೆ ಅದೂ ಮುಗಿಯಿತು. ಕನ್ನಡ ಹಾಕಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಧಾರಾಳವಾಗಿ ಹಾಕಿ, ಮರಾಠಿ ಅಕ್ಷರಕ್ಕಿಂತ ದೊಡ್ಡದಾಗದಿದ್ದರೆ ಸಾಕು. ಪ್ರೂಫ್ ಮಾತ್ರ ನೀವೇ ನೋಡಿ. ನಮ್ಮ ಒಬ್ಬ ಗಿರಾಕಿಯ ಹೆಸರಲ್ಲಿ ಳ ಇತ್ತು, ಡಿಟಿಪಿ ಹುಡುಗ ಲ ಮಾಡಿಟ್ಟಿದ್ದ. ಮರಾಠಿಯಲ್ಲಿ ಳ ಇದೆ ಮಾರಾಯ್ರೇ! ಅಕ್ರಿಲಿಕ್ ಅಕ್ಷರ ಕತ್ತರಿಸಿ ಆದ ಮೇಲೆ ಗೊತ್ತಾಯಿತು.

ಎಸಿಪಿ ಬಗ್ಗೆ ಹುಷಾರು. ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಇರುವುದು ಪ್ಲಾಸ್ಟಿಕ್. ಅಗ್ಗದ್ದಾದರೆ ಚೆನ್ನಾಗಿ ಉರಿಯುತ್ತೆ, ಹಿಂದಿನ ಸಂದಿ ಚಿಮಣಿಯಂತೆ ಬೆಂಕಿಯನ್ನು ಮೇಲಕ್ಕೆ ಎಳೆಯುತ್ತೆ. ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರಲ್ಲಿ 72 ಜನ ಸತ್ತರಲ್ಲ, ಅಲ್ಲಿ ಬೆಂಕಿ ಹಬ್ಬಿದ್ದು ಇಂಥ ಶೀಟಿನಿಂದಲೇ. ಫೈರ್ ರಿಟಾರ್ಡೆಂಟ್ ಶೀಟ್ ಕೇಳಿ, ಟೆಸ್ಟ್ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ದುಡ್ಡು ಕೊಡಿ. ಮೇಲಿನವರ ಕಿಟಕಿಯನ್ನಂತೂ ಮುಚ್ಚಬೇಡಿ.

ಫೋರ್ಟ್‌ನಿಂದ:

ಮುಲುಂಡ್‌ನವರಿಗೆ ಇದು ಬೇಕಾಗಲಿಕ್ಕಿಲ್ಲ. ನಮ್ಮ ಕಡೆಯವರು ಓದುತ್ತಿದ್ದರೆ: ಹೆರಿಟೇಜ್ ಕಟ್ಟಡವಾದರೆ ಹೊರಗಿನ ಬದಲಾವಣೆಗೆ ಹೆರಿಟೇಜ್ ಕಮಿಟಿಯನ್ನೂ ಕೇಳಬೇಕಾಗುತ್ತೆ. ಇಲ್ಲಿನ ಡಿ.ಎನ್. (ದಾದಾಭಾಯಿ ನವರೋಜಿ) ರೋಡಿನ ಕಮಾನುಗಳನ್ನು ಹಿಂದೆ ಬೋರ್ಡುಗಳೇ ನುಂಗಿಬಿಟ್ಟಿದ್ದವು. 1990ರ ದಶಕದ ಕೊನೆಯಲ್ಲಿ ಆರ್ಕಿಟೆಕ್ಟ್ ಆಭಾ ನಾರಾಯಣ್ ಲಾಂಬಾ ನಿಯಮ ಮಾಡಿ, ಬೋರ್ಡುಗಳನ್ನು ಕಮಾನಿನ ಅಳತೆಗೆ ಕೂರಿಸುವಂತೆ ಅಂಗಡಿಯವರನ್ನು ಒಪ್ಪಿಸಿದರು. ಆ ಕೆಲಸಕ್ಕೆ 2004ರಲ್ಲಿ ಯುನೆಸ್ಕೋ ಮನ್ನಣೆಯೂ ಸಿಕ್ಕಿತು. ಬೋರ್ಡ್ ಚಿಕ್ಕದಾದರೆ ಗಿರಾಕಿ ಬರಲ್ಲ ಅನ್ನುವುದು ಸುಮ್ನೆ ಮಾತು.

ಮುಲುಂಡ್‌ನಿಂದ ಮತ್ತೆ:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಅಪ್ಪನ ಟ್ರಂಕಿನಲ್ಲಿ ಪ್ಲಾನ್ ಸಿಕ್ಕಿತು. ಇಷ್ಟು ವರ್ಷ ನಮ್ಮದು ಅಂತ ಸ್ಟೂಲ್ ಹಾಕಿ ಕೂರುತ್ತಿದ್ದ ಜಾಗ ಪ್ಯಾಸೇಜ್ ಅಂತೆ! ಇಂಟೀರಿಯರ್‌ನವರಿಗೆ ಸದ್ಯಕ್ಕೆ ತಡೆಯಿರಿ ಅಂದಿದ್ದೇನೆ. ಸೆಕ್ರೆಟರಿ ಭಾನುವಾರ ಸಿಗುತ್ತಾರಂತೆ.

ಚೆಂಬೂರಿನ ಅಣ್ಣಾ, ಆ ಗೋಡೌನಿನ ಗಾಜಿನ ಅಳತೆ ಎಷ್ಟು? ನಮ್ಮದು ಒಳಗಿಂದ ಒಳಗೆ 9 ಅಡಿ 2 ಇಂಚು.