ಕಾರನ್ನೇ ನಂಬಿರುವ ಅಮೆರಿಕದಲ್ಲಿ ಬುಲೆಟ್ ರೈಲು ನೆಲೆಯೂರೀತೇ?

ಡೊಂಬಿವಲಿ ನಿವಾಸಿ:
ನಮಸ್ಕಾರ. ಮುಂಬೈಯ ಬಾಂದ್ರಾ–ಕುರ್ಲಾ ಸಂಕೀರ್ಣದಲ್ಲಿ ಅಹಮದಾಬಾದ್ ಬುಲೆಟ್ ರೈಲಿಗಾಗಿ ನಡೆಯುತ್ತಿರುವ ಕೆಲಸವನ್ನು ಕಚೇರಿಗೆ ಹೋಗುವಾಗ ನೋಡುತ್ತಿರುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿರುವ ನನ್ನ ತಮ್ಮ, ಹಾಲು ತರಲೂ ಕಾರು ಹತ್ತಬೇಕಾದ ದೇಶದಲ್ಲಿ ಇಂಥ ರೈಲು ನಡೆಯುವುದೇ ಇಲ್ಲ ಎನ್ನುತ್ತಾನೆ. ಅಲ್ಲಿಯ ಮತದಾರರು 2008ರಲ್ಲಿ 995 ಕೋಟಿ ಡಾಲರ್ ಬಾಂಡುಗಳಿಗೆ ಒಪ್ಪಿಗೆ ಕೊಟ್ಟಿದ್ದರೂ ಸ್ಯಾನ್ ಫ್ರಾನ್ಸಿಸ್ಕೊ–ಲಾಸ್ ಏಂಜಲೀಸ್ ಮಾರ್ಗದಲ್ಲಿ ಇನ್ನೂ ರೈಲು ಓಡಿಲ್ಲ. ಇದಕ್ಕೆ ಕಾರಿನ ರೂಢಿಯೇ ಕಾರಣವೇ?

ಮಾಟುಂಗಾದಿಂದ:
ಕಾರಿನ ರೂಢಿಯೊಂದೇ ಕಾರಣವೆಂದು ನನಗೆ ಅನ್ನಿಸುವುದಿಲ್ಲ. ಸ್ಪೇನ್‌ನಲ್ಲಿಯೂ ಕಾರುಗಳಿಗೆ ಕೊರತೆಯಿಲ್ಲ; ಆದರೂ 2008ರಲ್ಲಿ ಮ್ಯಾಡ್ರಿಡ್–ಬಾರ್ಸಿಲೋನಾ ಮಾರ್ಗ ತೆರೆದು, ಸುಮಾರು 620 ಕಿ.ಮೀ. ದೂರವನ್ನು ಎರಡೂವರೆ ತಾಸಿನಲ್ಲಿ ದಾಟುವಂತಾದ ಮೇಲೆ, ವಿಮಾನದಲ್ಲಿ ಹೋಗುತ್ತಿದ್ದವರಲ್ಲಿ ಬಹಳ ಮಂದಿ ರೈಲಿಗೆ ಬಂದರು. ನಿರ್ಣಾಯಕವಾದದ್ದು ರೈಲಿನಿಂದ ಇಳಿದ ಮೇಲಿನ ದಾರಿ. 1930ರಿಂದ ಮುಂಬೈ–ಪುಣೆ ನಡುವೆ ಓಡುತ್ತಿರುವ ನಮ್ಮ ಡೆಕ್ಕನ್ ಕ್ವೀನ್ ರೈಲು, ಎಕ್ಸ್‌ಪ್ರೆಸ್ ವೇ ಬಂದ ಮೇಲೂ ಜನರನ್ನು ಕಳೆದುಕೊಳ್ಳದೆ ಉಳಿದದ್ದು, ದಾದರ್‌ನಲ್ಲಿ ಇಳಿದವರಿಗೆ ಲೋಕಲ್ ಕೂಡಲೇ ಸಿಗುವುದರಿಂದ. ಅಮೆರಿಕದಲ್ಲಿಯೂ ನ್ಯೂಯಾರ್ಕ್–ವಾಷಿಂಗ್ಟನ್ ನಡುವೆ ವಿಮಾನಕ್ಕಿಂತ ರೈಲಿಗೇ ಹೆಚ್ಚು ಪ್ರಯಾಣಿಕರಿದ್ದಾರೆ, ಏಕೆಂದರೆ ಎರಡೂ ತುದಿಗಳಲ್ಲಿ ನಿಲ್ದಾಣ ನಗರದ ನಡುವೆಯೇ ಇದ್ದು, ಅಲ್ಲಿಂದಲೇ ಮೆಟ್ರೊ ಹಿಡಿಯಬಹುದು.

ಪುಣೆ, ಕೋಥರೂಡ್:
ಮಾಟುಂಗಾದವರ ಮಾತು ಒಂಟಿಯಾಗಿ ಕೆಲಸಕ್ಕೆ ಹೋಗುವವರಿಗೆ ಸರಿ. ಆದರೆ ಮಕ್ಕಳು, ಅಜ್ಜಿ, ಸಾಮಾನು ಎಲ್ಲವನ್ನೂ ಕಟ್ಟಿಕೊಂಡು ಹುಬ್ಬಳ್ಳಿಗೆ ಹೊರಟಾಗ, ರೈಲು ಇದ್ದರೂ ನಾವು ಕಾರನ್ನೇ ತೆಗೆಯುತ್ತೇವೆ. ನಾಲ್ವರು ಕುಳಿತರೂ ಪೆಟ್ರೋಲಿನ ಖರ್ಚು ನಾಲ್ಕು ಪಟ್ಟಾಗುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಹಣದ ಪ್ರಶ್ನೆ. ಅಮೆರಿಕದ 1956ರ ಕಾನೂನಿನಂತೆ ಅಂತರರಾಜ್ಯ ಹೆದ್ದಾರಿಗಳ ವೆಚ್ಚದಲ್ಲಿ ಶೇ. 90ರಷ್ಟನ್ನು ಅಲ್ಲಿಯ ಕೇಂದ್ರ ಸರ್ಕಾರವೇ ಹೊತ್ತು, ಅದಕ್ಕೆಂದು ಇಂಧನ ತೆರಿಗೆಯನ್ನು ಮೀಸಲಿಟ್ಟಿತು. ಅತಿವೇಗದ ರೈಲಿಗೆ ಅಂಥ ಖಚಿತ ಆದಾಯ ಎಂದೂ ಸಿಗಲಿಲ್ಲ; ಕ್ಯಾಲಿಫೋರ್ನಿಯಾದ ಯೋಜನೆ ಕಂತುಕಂತಾಗಿ ಹಣ ಕಾಯುತ್ತಿದ್ದಾಗಲೇ ಭೂಸ್ವಾಧೀನವೂ ವ್ಯಾಜ್ಯಗಳೂ ಕಾಲವನ್ನು ತಿಂದವು, ವೆಚ್ಚ ಹಲವು ಪಟ್ಟಾಯಿತು. ಇದನ್ನು ಜನರ ಅಭಿರುಚಿಯ ತಲೆಗೆ ಕಟ್ಟುವುದು ಅನ್ಯಾಯ.

ಮಡಗಾಂವ್ ಓದುಗ:
2024ರಲ್ಲಿ ನಿರ್ಮಾಣ ಕೆಲಸ ಆರಂಭಿಸಿದ ಬ್ರೈಟ್‌ಲೈನ್ ವೆಸ್ಟ್ ಎಂಬ ಖಾಸಗಿ ಅತಿವೇಗದ ರೈಲು ಯೋಜನೆ ಇನ್ನೊಂದು ದಾರಿ ಹಿಡಿದಿದೆ. ಲಾಸ್ ವೇಗಸ್‌ನಿಂದ ಹೊರಡುವ ಸುಮಾರು 350 ಕಿ.ಮೀ.ಗಳ ಈ ಮಾರ್ಗದ ಹೆಚ್ಚಿನ ಭಾಗ ಐ–15 ಹೆದ್ದಾರಿಯ ಮಧ್ಯದ ಪಟ್ಟಿಯಲ್ಲೇ ಸಾಗುವುದರಿಂದ ಭೂಸ್ವಾಧೀನದ ತೊಡಕು ಬಹಳ ಕಡಿಮೆ. ಕೊನೆಯ ನಿಲ್ದಾಣ ರ್‍ಯಾಂಚೊ ಕುಕಮಾಂಗಾ, ಅಂದರೆ ಲಾಸ್ ಏಂಜಲೀಸ್‌ನ ಕೇಂದ್ರಭಾಗದಿಂದ ಸುಮಾರು 60 ಕಿ.ಮೀ. ಪೂರ್ವಕ್ಕೆ. ಇದನ್ನು ದೋಷವೆನ್ನುವವರಿದ್ದಾರೆ. ಆದರೆ ಕಾರಿರುವವರು ಉಪನಗರದಲ್ಲೇ ಅದನ್ನು ನಿಲ್ಲಿಸಿ ರೈಲು ಹತ್ತುವುದು ಆ ದೇಶಕ್ಕೆ ಒಗ್ಗುವ ಕ್ರಮವೆಂದೇ ನನ್ನ ನಂಬಿಕೆ.

ಮಾಟುಂಗಾದಿಂದ:
ಹೊರಡುವವರಿಗೆ ಅದು ಒಗ್ಗೀತು. ವೇಗಸ್‌ನಿಂದ ಬಂದು ಇಳಿಯುವವರಿಗೆ ಅಲ್ಲಿ ಕಾರು ಕಾದಿರುವುದಿಲ್ಲವಲ್ಲ! ಅಲ್ಲಿಂದ ನಗರಕ್ಕೆ ಮೆಟ್ರೊಲಿಂಕ್ ರೈಲಿದೆ, ಆದರೆ ಒಂದು ತಾಸಿಗೂ ಹೆಚ್ಚು ಹಿಡಿಯುತ್ತದೆ. ಅದರ ವೇಳೆಯನ್ನು ಅತಿವೇಗದ ರೈಲಿನ ವೇಳೆಗೆ ಹೊಂದಿಸಿ, ಎರಡಕ್ಕೂ ಒಂದೇ ಟಿಕೆಟ್ ಕೊಡುವ ವ್ಯವಸ್ಥೆಯನ್ನು ಮೊದಲ ದಿನದಿಂದಲೇ ಮಾಡಬೇಕು.