ಕೈ ಎಣಿಸಿದಿರಿ, ತಲೆ ಎಣಿಸಲಿಲ್ಲ

ಅಕ್ಕ: ಮಗಳ ಹೋಂವರ್ಕ್ ಲೆಕ್ಕ ಇದು. ತರಗತಿಯ 60% ಮಕ್ಕಳಿಗೆ ಚಿತ್ರ ಬರೆಯುವುದು ಇಷ್ಟ. 3/4 ಮಕ್ಕಳಿಗೆ ಹಾಡುವುದು ಇಷ್ಟ. 10% ಮಕ್ಕಳಿಗೆ ಎರಡೂ ಇಷ್ಟವಿಲ್ಲ. ಎರಡೂ ಇಷ್ಟ ಇರುವವರು 18. ಒಟ್ಟು ಮಕ್ಕಳು ಎಷ್ಟು?

ಭಾವ: ಬೆಳಿಗ್ಗೆಯೇ ಅವಳಿಗೆ ಹೇಳಿದೆ, ಪ್ರಶ್ನೆಯೇ ತಪ್ಪು. 60ಕ್ಕೆ 75 ಸೇರಿಸಿದರೆ 135. ಅದರ ಮೇಲೆ ಇನ್ನೊಂದು 10. ನೂರು ದಾಟುವುದು ಹೇಗೆ?

ನಾನು: ಭಾವ, ನೂರು ದಾಟಿದ್ದೇ ಇಲ್ಲಿ ಸುಳಿವು. ಎರಡೂ ಇಷ್ಟ ಇರುವ ಮಗು ಚಿತ್ರಕ್ಕೂ ಕೈ ಎತ್ತುತ್ತದೆ, ಹಾಡಿಗೂ ಎತ್ತುತ್ತದೆ. ನೀವು ಎಣಿಸಿದ್ದು ಕೈಗಳನ್ನು.

ಚಿಕ್ಕಪ್ಪ: ಹಾಗಾದರೆ ಹೆಚ್ಚಾದ 35% ಜನ ಎರಡು ಸಲ ಎತ್ತಿದವರು. ಮುಗೀತಲ್ಲ?

ನಾನು: ಇಲ್ಲ ಚಿಕ್ಕಪ್ಪ, ಜಾಸ್ತಿ ಜನ ಜಾರುವುದು ಇಲ್ಲೇ. ಚಿತ್ರದವರಿಗೊಂದು, ಹಾಡಿನವರಿಗೊಂದು ವೃತ್ತ ಹಾಕಿ ನೋಡಿ. 135ರಿಂದ 100 ಕಳೆಯಬೇಕಾದರೆ ಎಲ್ಲ ಮಕ್ಕಳೂ ಒಂದಲ್ಲ ಒಂದು ವೃತ್ತದ ಒಳಗಿರಬೇಕು, ಆದರೆ ಇಲ್ಲಿ 10% ಮಕ್ಕಳು ಎರಡೂ ವೃತ್ತದ ಹೊರಗೆ ನಿಂತಿದ್ದಾರೆ, ಒಂದು ಸಲವೂ ಕೈ ಎತ್ತಿಲ್ಲ, ಅಂದರೆ ಆ 135 ಕೈಗಳು ಬಂದಿದ್ದು ಬರೀ 90 ತಲೆಗಳಿಂದ. 135ರಲ್ಲಿ 90 ಹೋದರೆ 45. ತರಗತಿಯ 45% ಅಂದರೆ 18 ಮಕ್ಕಳು, ಹಾಗಾಗಿ ಒಟ್ಟು 40. ನಿಮ್ಮ 35% ಇಟ್ಟು ನೋಡಿ, 18ನ್ನು 0.35ರಿಂದ ಭಾಗಿಸಿದರೆ 51 ಚಿಲ್ಲರೆ ಬರುತ್ತದೆ. ಒಟ್ಟು ಮಕ್ಕಳ ಸಂಖ್ಯೆಯ 3/5, 3/4, 1/10 ಮೂರೂ ಪೂರ್ಣಸಂಖ್ಯೆ ಆಗಬೇಕಲ್ವಾ? ಛೇದಗಳಾದ 5, 4, 10 ಮೂರರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಅಂದರೆ ಲ.ಸಾ.ಅ., 20. ಉತ್ತರ 20ರ ಗುಣಕ ಆಗಲೇಬೇಕು.

ಅತ್ತೆ: 35% ಸುಮ್ನೆ ಬಂದ ಸಂಖ್ಯೆನಾ ಹಾಗಾದರೆ?

ನಾನು: ಅಲ್ಲ ಅತ್ತೆ, ಅದು ಕನಿಷ್ಠ. 10% ಹೊರಗಿದ್ದಾರೆ ಅನ್ನುವ ಮಾತೂ 18 ಅನ್ನುವ ಸಂಖ್ಯೆಯೂ ಇಲ್ಲದಿದ್ದರೆ, ಎರಡೂ ಇಷ್ಟ ಇರುವವರು 35%ರಿಂದ 60%ವರೆಗೆ ಎಷ್ಟು ಬೇಕಾದರೂ ಇರಬಹುದಿತ್ತು. ಚಿತ್ರದವರೇ 60%, ಅದನ್ನು ದಾಟುವಂತಿಲ್ಲ.

ಭಾವ: ಇನ್ನೊಂದು ಅನುಮಾನ. 40ರ 3/4 ಅಂದರೆ ಹಾಡುವವರು 30. 30ರಲ್ಲಿ 18 ಅಂದರೆ 60% ಆಯ್ತು. ನೀನು 45% ಅನ್ನುತ್ತೀಯ!

ನಾನು: ಎರಡೂ ಸರಿ. ಹಾಡುವ 30 ಮಕ್ಕಳಲ್ಲಿ 60%, ಇಡೀ ತರಗತಿಯ 40ರಲ್ಲಿ 45%. ಚಿತ್ರದ 24ರಲ್ಲಿ ಕೇಳಿದರೆ 75%. ಮಕ್ಕಳು ಅದೇ 18. ಶೇಕಡಾ ಬರೆದ ಕಡೆಯಲ್ಲೆಲ್ಲಾ 'ಯಾವುದರಲ್ಲಿ' ಅಂತ ಪಕ್ಕದಲ್ಲಿ ಬರೆಸಿ ಭಾವ, ನಾನು ಓದುವಾಗ ಇದೊಂದನ್ನು ಬರೆಯದೇ ಎಷ್ಟೋ ಅಂಕ ಕಳೆದುಕೊಂಡಿದ್ದೇನೆ. ಭಿನ್ನರಾಶಿಗೂ ಇದೇ ಮಾತು.

ಅಕ್ಕ: ಅವಳು ಮೊದಲು 40 ಅಂತಲೇ ಬರೆದಿದ್ದಳು. ಪ್ರಶ್ನೆ ತಪ್ಪು ಅಂದರು ಅಂತ ಅಳಿಸಿಬಿಟ್ಟಳು.

ನಾನು: ಅಯ್ಯೋ. ಮತ್ತೆ ಬರೆಯಲಿ ಅಕ್ಕ. ಎರಡು ವೃತ್ತ ಹಾಕಲಿ. ನಡುವೆ 18, ಬರೀ ಚಿತ್ರ 6, ಬರೀ ಹಾಡು 12, ಹೊರಗೆ 4. ಕೂಡಿದರೆ 40 ಬರುತ್ತದೆ. ಆಮೇಲೆ ಯಾರು ಏನೇ ಅಂದರೂ ಅವಳು ಅಳಿಸುವುದಿಲ್ಲ.

ಭಾವ: ಸಂಜೆ ಬೇಗ ಬರುತ್ತೇನೆ. ಅಳಿಸಿದ್ದು ನನ್ನಿಂದ, ಜೊತೆಗೆ ನಾನೇ ಕೂರುತ್ತೇನೆ.