ಪೂಜೆ ಮುಗಿಸಿ ಸೀದಾ ಮಾಲ್‌ಗೆ: ನಿಮಗೂ ಹೀಗೆ ಆಗಿದೆಯಾ?

ಪ್ರಶ್ನೆ: ಬೆಂಗಳೂರಿನಲ್ಲಿದ್ದೇವೆ, ಇಬ್ಬರಿಗೂ ಕೆಲಸ. ಭಾನುವಾರ ಚರ್ಚ್‌ನಲ್ಲಿ ಪೂಜೆ ಮುಗಿಸಿ ಸೀದಾ ಮಾಲ್‌ಗೆ. ಮನೆ ತುಂಬ ಸಾಮಾನು, ಬಿಚ್ಚದ ಡಬ್ಬಗಳೂ ಇವೆ. ಪ್ರಾರ್ಥನೆಗೆ ಕೂತರೆ ಮಾತ್ರ ಏನೂ ಅನ್ನಿಸುವುದಿಲ್ಲ. ಇಂಥದ್ದನ್ನು ದಾಟಿದವರು ಏನು ಮಾಡಿದಿರಿ, ಹೇಳಿ.

*

ನನಗೂ ಆಗಿತ್ತು. ಎರಡು ವರ್ಷದ ಹಿಂದೆ ತಪಸ್ಸುಕಾಲದಲ್ಲಿ, ಅಂದರೆ ಈಸ್ಟರ್‌ಗೆ ಮೊದಲಿನ ವ್ರತದ ದಿನಗಳಲ್ಲಿ, ಮಾಂಸದ ಜೊತೆ ಆನ್‌ಲೈನ್ ಆರ್ಡರನ್ನೂ ಬಿಟ್ಟೆ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ 46 ದಿನ, ಭಾನುವಾರ ಕಳೆದರೆ 40. ನಾನು ಜಾಣ, ಲೆಕ್ಕಕ್ಕಿಲ್ಲದ ಭಾನುವಾರವೇ ಮೊಬೈಲ್ ಹಿಡಿದು ಕೂರುತ್ತಿದ್ದೆ! ಹೆಂಡತಿ ನಕ್ಕ ಮೇಲೆ ಅದೂ ನಿಂತಿತು. ಬೇಕು ಅನ್ನಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಫ್ರಿಜ್‌ಗೆ ಅಂಟಿಸಿದೆ. ಈಸ್ಟರ್ ಹೊತ್ತಿಗೆ 23 ಸಾಮಾನು. ಅದರಲ್ಲಿ ಬೇಕೇಬೇಕಾಗಿದ್ದು ಎರಡು: ಕುಕ್ಕರ್ ಗ್ಯಾಸ್ಕೆಟ್, ಮಗನ ಚಪ್ಪಲಿ.

ಉಳಿದ ದುಡ್ಡನ್ನು ಬಡವರಿಗೆ ನೆರವಾಗುವ ನಮ್ಮ ಚರ್ಚ್‌ನ ವಿನ್ಸೆಂಟ್ ದೆ ಪಾಲ್ ಸಭೆಗೆ ಕೊಡಲು ಹೋದೆ. ಕವರ್ ತೆಗೆದುಕೊಂಡು, ‘ನೀವೂ ಬನ್ನಿ’ ಅಂದರು. 1833ರಲ್ಲಿ ಪ್ಯಾರಿಸ್‌ನ ಕಾಲೇಜು ಹುಡುಗರು ಶುರು ಮಾಡಿದಾಗಿನಿಂದ ಅವರ ಪದ್ಧತಿಯೇ ಅದು, ಮನೆಗೇ ಹೋಗಿ ನೋಡುವುದು. ಒಂದು ಶೀಟಿನ ಮನೆ. ಅಜ್ಜಿಯ ಹತ್ತಿರ ಇದ್ದದ್ದು ಒಂದೇ ಪ್ಲಾಸ್ಟಿಕ್ ಕುರ್ಚಿ. ಸೆರಗಿನಿಂದ ಒರೆಸಿ ನನ್ನನ್ನು ಕೂರಿಸಿದರು, ತಾವು ನಾವು ತಂದ ಅಕ್ಕಿ ಮೂಟೆಯ ಮೇಲೆ ಕೂತರು. ಎಲ್ಲರೂ ಪ್ರಾರ್ಥನೆ ಹೇಳುವಾಗ ‘ಅನುದಿನದ ಆಹಾರ’ ಕೊಡು ಅನ್ನುವಲ್ಲಿ ನನ್ನ ಬಾಯಿ ತಡವರಿಸಿತು.

*

ನಾವು ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾದವರು. ರಾತ್ರಿ ಊಟಕ್ಕೆ ಮೊದಲು ಮೊಬೈಲ್‌ಗಳೆಲ್ಲ ಬೀರುವಿಗೆ, ಆಮೇಲೆ ಬೈಬಲಿನಿಂದ ದಿನಕ್ಕೊಂದು ಕೀರ್ತನೆ. ಒಟ್ಟು 150, ಐದು ತಿಂಗಳಿಗೆ ಮುಗಿಯುತ್ತದೆ. 119ನೆಯದರಲ್ಲಿ 176 ವಚನ! ಅವತ್ತು ಸಾರು ತಣ್ಣಗಾಯಿತು, ಮಕ್ಕಳ ಮುಖ ನೋಡಬೇಕಿತ್ತು.

*

ನಾನು ಮಂಗಳೂರಿನ ಕಡೆಯವಳು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಮರಿಯ ಮಾತೆಯ ಹುಟ್ಟುಹಬ್ಬಕ್ಕೆ, ಮೊದಲು ಒಂಬತ್ತು ದಿನ ಹಿತ್ತಲ ಹೂ ಕೊಯ್ದು ಮಾತೆಗೆ ಅರ್ಪಿಸುತ್ತಿದ್ದೆವು. ಹಬ್ಬದ ದಿನ ಚರ್ಚ್‌ನಲ್ಲಿ ಆಶೀರ್ವದಿಸಿದ ತೆನೆಯ ನಾಲ್ಕು ಕಾಳು ಪುಡಿ ಮಾಡಿ, ಹಾಲಿಗೆ ಹಾಕಿ ಮನೆಮಂದಿಯೆಲ್ಲ ಹಂಚಿಕೊಳ್ಳುವುದು. ಅಂಗಡಿಯಿಂದ ತಂದದ್ದು ಏನೂ ಇರುತ್ತಿರಲಿಲ್ಲ. ಬೆಂಗಳೂರಿನಲ್ಲಿ ಆ ಹೂವಿಗೂ ದುಡ್ಡು. ಅದಕ್ಕೇ ಬಾಲ್ಕನಿಯಲ್ಲಿ ಎರಡು ಕುಂಡ ದಾಸವಾಳ ಇಟ್ಟಿದ್ದೇನೆ.

*

ಸ್ವಲ್ಪ ಬೇರೆ ಮಾತು ಹೇಳಲಾ? ‘ಏನೂ ಅನ್ನಿಸುವುದಿಲ್ಲ’ ಅಂತ ಬರೆದಿದ್ದೀರಿ. ನೆಮ್ಮದಿಯನ್ನೂ ನಾವು ಪಾರ್ಸೆಲ್ ಕಾದ ಹಾಗೆ ಕಾಯುತ್ತೇವೆ, ಅಲ್ವಾ? ಬರಲಿಲ್ಲ ಅಂದರೆ ಬೇರೆ ಚರ್ಚ್, ಬೇರೆ ಧ್ಯಾನಕೂಟ. ನಾನೇ ಮೂರು ಬದಲಿಸಿದೆ. ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷವಾದ ಮೇಲೆ, 2007ರಲ್ಲಿ, ಅವರ ಪತ್ರಗಳು ಹೊರಬಂದವು. ದಶಕಗಳ ಕಾಲ ಪ್ರಾರ್ಥನೆಯಲ್ಲಿ ಅವರಿಗೆ ಕತ್ತಲೆಯೇ ಜಾಸ್ತಿ ಇತ್ತಂತೆ. ಆದರೂ ಬೆಳಿಗ್ಗೆ ಎದ್ದು ಪ್ರಾರ್ಥನೆಗೆ ಕೂತರು, ಆಮೇಲೆ ಕೆಲಸಕ್ಕೆ ಹೊರಟರು. ಅದು ಗೊತ್ತಾದ ಮೇಲೆ ಚರ್ಚ್ ಬದಲಿಸುವುದನ್ನು ಬಿಟ್ಟೆ. ಈಗಲೂ ಎಷ್ಟೋ ದಿನ ಏನೂ ಅನ್ನಿಸುವುದಿಲ್ಲ. ಹೋಗುತ್ತೇನೆ.

*

ಪ್ರಶ್ನೆ ಕೇಳಿದವಳು: ಎಲ್ಲರಿಗೂ ಥ್ಯಾಂಕ್ಸ್. ಈ ವಿನ್ಸೆಂಟ್ ಸಭೆಯವರು ಸಿಗುವುದು ಯಾವಾಗ?

*

ನಮ್ಮಲ್ಲಿ ಭಾನುವಾರ ಪೂಜೆ ಆದ ಮೇಲೆ. ನಿಮ್ಮ ಫಾದರ್ ಹತ್ತಿರ ಕೇಳಿ. ಮಾಲ್‌ಗೆ ಸ್ವಲ್ಪ ತಡವಾದೀತು.